‘ಮಣಿಹಾರಾ’: ಕತೆಯ ದೆವ್ವ ಸಿನಿಮಾಗೆ ಬಂದಾಗ

ಟ್ಯಾಗೋರರ ‘ಮಣಿಹಾರಾ’ 1890ರ ದಶಕದ ಸಣ್ಣಕತೆ. ಅವರ ಜನ್ಮಶತಮಾನೋತ್ಸವದ ವರ್ಷ, 1961ರಲ್ಲಿ, ಸತ್ಯಜಿತ್ ರೇ ಟ್ಯಾಗೋರರ ಮೂರು ಕತೆಗಳನ್ನು ಸೇರಿಸಿ ‘ತೀನ್ ಕನ್ಯಾ’ ಮಾಡಿದರು. ಅದರಲ್ಲಿ ಸುಮಾರು ಒಂದು ಗಂಟೆಯ ಭಾಗ ಇದು. ಹೊರದೇಶಗಳಲ್ಲಿ ಇದನ್ನು ಬಿಟ್ಟು, ಉಳಿದೆರಡನ್ನು ‘ಟೂ ಡಾಟರ್ಸ್’ ಅಂತ ತೋರಿಸಿದರು. ಹಾಗಾಗಿ ರೇ ಸಿನಿಮಾಗಳನ್ನು ಇಷ್ಟಪಡುವವರಲ್ಲೂ ಇದನ್ನು ನೋಡದವರು ಜಾಸ್ತಿ. ಪರೀಕ್ಷೆಗೆ ಕತೆ, ಸಿನಿಮಾ ಎರಡನ್ನೂ ಹೋಲಿಸಿ ಬರೆಯಬೇಕಾದವರಿಗೆ ಈ ಟಿಪ್ಪಣಿ. ಮುಂದೆ ಕೊನೆಯನ್ನೂ ಹೇಳಿಬಿಡುತ್ತೇನೆ. ನೋಡದಿದ್ದರೆ ಮೊದಲು ನೋಡಿ ಬನ್ನಿ.

ಕತೆ ಇಷ್ಟು. ಫಣಿಭೂಷಣ ಅನುಕೂಲಸ್ಥ ವ್ಯಾಪಾರಿ. ಹೆಂಡತಿ ಮಣಿಮಾಲಿಕಾಗೆ ಮಕ್ಕಳಿಲ್ಲ, ಒಡವೆಯೇ ಎಲ್ಲ. ವ್ಯಾಪಾರ ಕೈಕೊಟ್ಟು ದುಡ್ಡಿನ ಅಡಚಣೆ ಬಂದಾಗ, ಗಂಡ ಒಡವೆಗೆ ಕೈ ಹಾಕುತ್ತಾನೆ ಅನ್ನೋ ಭಯ ಅವಳಿಗೆ. ದುಡ್ಡು ಹೊಂದಿಸಲು ಅವನು ಕಲ್ಕತ್ತಾಗೆ ಹೋದ ಹೊತ್ತಲ್ಲಿ, ನೆಂಟ ಮಧುಸೂದನನ ಜೊತೆ ಅವಳು ಮನೆ ಬಿಡುತ್ತಾಳೆ. ಆಮೇಲೆ ಪತ್ತೆಯಿಲ್ಲ.

ಟ್ಯಾಗೋರರ ಒಂದು ವಿವರ ನೋಡಿ. ಮಧು ಒಡವೆ ಪೆಟ್ಟಿಗೆ ಹೊಡೆದುಕೊಂಡು ಹೋದರೆ? ಆ ಅನುಮಾನಕ್ಕೆ ಮಣಿ ಇದ್ದಬದ್ದ ಒಡವೆಯನ್ನೆಲ್ಲ ಮೈಮೇಲೇ ಹಾಕಿಕೊಂಡು, ಮೇಲೆ ದಪ್ಪ ಬಟ್ಟೆ ಹೊದ್ದು ದೋಣಿ ಹತ್ತುತ್ತಾಳೆ. ದೋಣಿಯಲ್ಲಿ ಏನಾಯಿತು ಅಂತ ಕತೆ ಬಾಯಿಬಿಡುವುದೇ ಇಲ್ಲ. ಕೊನೆಗೆ ಬರುವ ಅಸ್ಥಿಪಂಜರದ ಮೂಳೆಮೂಳೆಗೂ ಚಿನ್ನ ಇರುತ್ತಲ್ಲ, ಆಗ ನಮಗೇ ಗೊತ್ತಾಗುತ್ತದೆ.

ಈಗ ಭಯ ಹೇಗೆ ಕಟ್ಟಿದ್ದಾರೆ ಅಂತ ನೋಡೋಣ. ಪರೀಕ್ಷೆಗೂ ಇದೇ ಮುಖ್ಯ. ಕತೆಯಲ್ಲಿ ದೆವ್ವ ಒಂದೇ ಏಟಿಗೆ ಬರುವುದಿಲ್ಲ. ಮಳೆಗಾಲದ ರಾತ್ರಿ, ಊರಲ್ಲಿ ‘ಜಾತ್ರಾ’, ಅಂದರೆ ಬಂಗಾಳದ ಜನಪದ ನಾಟಕ. ನದಿಯ ಮೆಟ್ಟಿಲಿಂದ ಝಣಝಣ ಸದ್ದು ಹತ್ತಿ ಬಂದು, ಮುಚ್ಚಿದ ಹೆಬ್ಬಾಗಿಲ ಹತ್ತಿರ ನಿಲ್ಲುತ್ತದೆ. ಮಾರನೇ ದಿನ ಫಣಿಭೂಷಣ ಬಾಗಿಲು ತೆರೆದೇ ಇಡಿ ಅನ್ನುತ್ತಾನೆ. ಸದ್ದು ಮೆಟ್ಟಿಲೇರಿ ಮಲಗುವ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಮೂರನೇ ರಾತ್ರಿ ಒಳಗೆ. ಅವಳನ್ನು ಹೆಜ್ಜೆ ಹೆಜ್ಜೆಗೂ ಒಳಗೆ ಬಿಟ್ಟುಕೊಳ್ಳುವವನು ಗಂಡನೇ, ಗಮನಿಸಿದಿರಾ? ಸುಮ್ನೆ ಹೆದರಿಸುವ ಕತೆಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲೇ ಇದೆ. ಅವನಿಗೆ ಹೆದರಿಕೆಗಿಂತ ಆಸೆ ದೊಡ್ಡದು.

ರೇ ಆ ಮೂರು ರಾತ್ರಿಗಳ ಲೆಕ್ಕಕ್ಕೆ ಅಷ್ಟಾಗಿ ಜೋತುಬಿದ್ದಿಲ್ಲ. ಅವರು ನಂಬಿದ್ದು ಮನೆಯನ್ನು. ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಕಟ್ಟಿದ ಆ ಬಂಗಲೆಯ ತುಂಬ ಸಾಮಾನು, ನಡುನಡುವೆ ಹೊಟ್ಟು ತುಂಬಿ ನಿಲ್ಲಿಸಿದ ಹಕ್ಕಿಗಳು. ಜೀವ ಇಲ್ಲದ್ದನ್ನೆಲ್ಲ ಜೋಪಾನವಾಗಿ ಇಟ್ಟ ಮನೆ ಅದು. ಮಣಿಯೂ ಅಲ್ಲಿ ಹಾಗೇ ಇದ್ದವಳಲ್ವಾ? ಬದುಕಿದ್ದಾಗಲೇ ಅವಳು ಆ ಕೋಣೆಗಳಲ್ಲಿ ಓಡಾಡುವುದನ್ನು ನೋಡಿದರೆ ಮೈ ಸಣ್ಣಗೆ ಜುಮ್ಮೆನ್ನುತ್ತದೆ. ಏನೂ ಆಗಿರುವುದಿಲ್ಲ ಆಗ. ನನ್ನ ಮಟ್ಟಿಗೆ ಸಿನಿಮಾದ ಅತಿ ಒಳ್ಳೆಯ ಭಾಗ ಇದೇ, ದೆವ್ವ ಬರುವ ಮೊದಲಿನ ಅರ್ಧ.

ಅವಳು ಹಾಡುವ ‘ಬಾಜೇ ಕರುಣ ಸುರೇ’ ಕೇಳಿದಾಗ ಕರ್ನಾಟಕ ಸಂಗೀತ ಗೊತ್ತಿರುವವರು ತಲೆ ಎತ್ತುತ್ತಾರೆ. ಅದು ಸಿಂಹೇಂದ್ರಮಧ್ಯಮ ರಾಗ. ದಕ್ಷಿಣದ ಒಂದು ಕೃತಿ ಕೇಳಿ, ಅದರ ಧಾಟಿಯಲ್ಲಿ ಟ್ಯಾಗೋರ್ ಕಟ್ಟಿದ ಹಾಡು. ಕತೆ ಬರೆದು ಎಷ್ಟೋ ವರ್ಷಗಳ ನಂತರದ್ದು. ಅಂದರೆ ರೇ ಇದನ್ನು ಬೇಕೆಂದೇ ಹುಡುಕಿ ತಂದಿದ್ದಾರೆ. ಹಾಡಿರುವುದು ರುಮಾ ಗುಹಾ ಠಾಕುರ್ತಾ. ರೇ ತಮ್ಮ ಸಿನಿಮಾಕ್ಕೆ ತಾವೇ ಸಂಗೀತ ಮಾಡಲು ಶುರುಮಾಡಿದ್ದೂ ‘ತೀನ್ ಕನ್ಯಾ’ದಿಂದಲೇ. ಅದಕ್ಕೂ ಮುಂಚೆ ರವಿಶಂಕರ್, ವಿಲಾಯತ್ ಖಾನ್ ಅಂಥವರು ಮಾಡುತ್ತಿದ್ದರು.

ಇನ್ನು ಕೊನೆ. ಕತೆ, ಸಿನಿಮಾ ಎರಡರಲ್ಲೂ ಪಾಳುಮನೆಯ ಮುಂದಿನ ಘಾಟಿನಲ್ಲಿ (ನದಿಯ ಮೆಟ್ಟಿಲುಗಳ ಮೇಲೆ) ಕೂತು ಒಬ್ಬ ಶಾಲಾ ಮೇಷ್ಟ್ರು ಅಪರಿಚಿತನಿಗೆ ಈ ಕತೆ ಹೇಳುತ್ತಾರೆ. ಟ್ಯಾಗೋರರಲ್ಲಿ ಫಣಿಭೂಷಣ ಅಸ್ಥಿಪಂಜರದ ಹಿಂದೆ ನಡೆದು ನದಿಗೆ ಇಳಿದು ಸಾಯುತ್ತಾನೆ. ಅಷ್ಟೂ ಕೇಳಿದ ಮೇಲೆ ಅಪರಿಚಿತ, ‘ನನ್ನ ಹೆಸರೇ ಫಣಿಭೂಷಣ ಸಾಹಾ’ ಅನ್ನುತ್ತಾನೆ. ಮೇಷ್ಟ್ರು ಒಂದಿಷ್ಟೂ ಅಳುಕದೆ, ಹೆಂಡತಿ ಹೆಸರೇನು ಅಂತ ಕೇಳುತ್ತಾರೆ. ‘ನೃತ್ಯಕಾಲಿ.’ ಕತೆ ಅಲ್ಲಿಗೆ ಮುಗಿಯಿತು! ಮೇಷ್ಟ್ರು ಬುರುಡೆ ಬಿಟ್ಟರೋ, ಅಪರಿಚಿತನೇ ಆಟ ಆಡಿಸುತ್ತಿದ್ದಾನೋ, ನೀವೇ ತೀರ್ಮಾನ ಮಾಡಿಕೊಳ್ಳಿ. ಹೆದರಿಸಿ, ಆಮೇಲೆ ನಗಿಸಿ, ಆ ನಗುವಿನಲ್ಲೂ ಒಂದು ಅನುಮಾನ ಉಳಿಸುತ್ತಾರೆ.

ರೇ ಇಲ್ಲಿ ದಾರಿ ಬದಲಿಸಿದರು. ಮಣಿಗೆಂದು ತಂದ ಒಡವೆ ಪೆಟ್ಟಿಗೆಗೆ ಫಣಿಭೂಷಣ ಕೈ ಚಾಚುತ್ತಿದ್ದಂತೆ, ಬಳೆ ತೊಟ್ಟ ಮೂಳೆಯ ಕೈಯೊಂದು ಗಬಕ್ಕನೆ ಮೇಲೆ ಬೀಳುತ್ತದೆ. ಪೂರ್ತಿ ಅಸ್ಥಿಪಂಜರ ತೋರಿಸದೆ ಕೈಯಷ್ಟನ್ನೇ ತೋರಿಸಿದ್ದು ಜಾಣತನ. ಆಮೇಲೆ ಘಾಟಿನಲ್ಲಿ ಶಾಲು ಹೊದ್ದು ಕೂತ ಕೇಳುಗ, ನಾನೇ ಫಣಿಭೂಷಣ ಅಂತ ಹೇಳಿ ಮಾಯವಾಗುತ್ತಾನೆ. ಥಿಯೇಟರಿನಲ್ಲಿ ಇದು ಕೆಲಸ ಮಾಡುತ್ತದೆ, ಸರಿ. ಆದರೆ ಮಾಯವಾದ ತಕ್ಷಣ ದೆವ್ವ ನಿಜ ಅಂತಾಗಿಬಿಟ್ಟಿತು. ಟ್ಯಾಗೋರರು ಬಿಟ್ಟುಹೋದ ಗೊಂದಲ ಹೋಯಿತು. ಅದು ನಷ್ಟವೇ ಅನ್ನೋದು ನನ್ನ ಲೆಕ್ಕ.

ಉತ್ತರ ಬರೆಯುವಾಗ ‘ನಿರ್ದೇಶಕರು ಮೂಲಕ್ಕೆ ನಿಷ್ಠರಾಗಿದ್ದಾರೆ’ ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ. ಮೂರು ರಾತ್ರಿಗಳ ಸದ್ದಿನ ಭಾಗವನ್ನು ಓದಿ, ಆ ಕೈ ಬರುವ ದೃಶ್ಯವನ್ನು ಪಕ್ಕದಲ್ಲಿಟ್ಟು ಬರೆಯಿರಿ. ‘ನೃತ್ಯಕಾಲಿ’ ಹೆಸರನ್ನಂತೂ ಬಿಡಬೇಡಿ. ಸಿನಿಮಾ ಮಾತ್ರ ನೋಡಿದವರಿಗೆ ಅದು ಗೊತ್ತಿರುವುದಿಲ್ಲ.