ಹೂ ಬಿಟ್ಟ ಸಸಿ ತಂದರೆ ಬೇಗ ಕಾಯಿ ಬರುತ್ತಾ?

ಪ್ರಶ್ನೆ: ಅಂಗಡಿಯಲ್ಲಿದ್ದಾಗ ಟೊಮೆಟೊ ಸಸಿ ಚೆನ್ನಾಗೇ ಇತ್ತು. ಹೂವೂ ಬಿಟ್ಟಿತ್ತು. ಇದ್ದುದರಲ್ಲಿ ಎತ್ತರದ್ದನ್ನೇ ಆರಿಸಿ ತಂದೆ. ನೆಟ್ಟು ಒಂದು ವಾರಕ್ಕೆ ಹೂ ಉದುರಿತು, ಕೆಳಗಿನ ಎಲೆ ಹಳದಿ ಆಯಿತು, ಗಿಡ ನಿಂತಲ್ಲೇ ನಿಂತಿದೆ. ನೀರು ಜಾಸ್ತಿ ಆಯ್ತಾ? ಗೊಬ್ಬರ ಕಡಿಮೆ ಆಯ್ತಾ?

ಉತ್ತರ: ಎರಡೂ ಅಲ್ಲ. ಎಡವಿದ್ದು ಆರಿಸುವಾಗಲೇ. ನೀರು, ಗೊಬ್ಬರ ಎಲ್ಲ ಆಮೇಲಿನ ಮಾತು.

ಇದನ್ನು ಸಸಿ ತಟ್ಟೆಗಳ ಮುಂದೆ ನಿಂತು ಎಷ್ಟು ಸಲ ಹೇಳಿದ್ದೇನೋ! ತಲೆ ಆಡಿಸಿ ಕೇಳಿಸಿಕೊಂಡವರೇ ಮುಂದಿನ ಸಲ ಬಂದು ಮತ್ತೆ ಹೂ ಇರುವುದಕ್ಕೇ ಕೈ ಹಾಕುತ್ತಾರೆ. 'ಅದು ಬೇಡ, ಈ ಗಿಡ್ಡದು ಒಯ್ಯಿರಿ' ಅಂದರೆ ಮುಖ ಒಂಥರಾ ಆಗುತ್ತದೆ. ಒಳ್ಳೆಯದನ್ನು ಬೇರೆ ಯಾರಿಗೋ ಎತ್ತಿಟ್ಟು, ಉಳಿದದ್ದನ್ನು ಇವರಿಗೆ ಸಾಗಹಾಕುತ್ತಿದ್ದೇನೆ ಅನ್ನುವ ಅನುಮಾನ. ಸಣ್ಣ ಊರಿನ ಸಣ್ಣ ಅಂಗಡಿ ನೋಡಿ, ಅನುಮಾನ ಅಂಗಡಿಯಿಂದ ಹೊರಟು ಊರು ಸುತ್ತಿ ವಾಪಸ್ ಬರುತ್ತದೆ. ಅದಕ್ಕೇ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಈಗಲೇ ಹೂ ಬಿಟ್ಟಿದೆ ಅಂದರೆ ಬೇಗ ಕಾಯಿ ಕೊಡುತ್ತದೆ ಅಂತ ಎಲ್ಲರ ಲೆಕ್ಕ. ಕೇಳಲು ಸರಿಯಾಗೇ ಇದೆ. ಗಿಡ ಮಾತ್ರ ಆ ಲೆಕ್ಕ ಒಪ್ಪುವುದಿಲ್ಲ.

ಟೊಮೆಟೊ ಬೀಜ ಹಾಕಿ ನಾಲ್ಕರಿಂದ ಆರು ವಾರಕ್ಕೆ ಸಸಿ ನಾಟಿಗೆ ತಯಾರು. ಮೆಣಸಿನಕಾಯಿಗೆ ಇನ್ನೂ ಸ್ವಲ್ಪ ಜಾಸ್ತಿ. ಆ ಹೊತ್ತಿಗೆ ಹೂ ಇರುವುದಿಲ್ಲ, ಇರಲೂಬಾರದು. ತಟ್ಟೆಯ ಗುಳಿಯಲ್ಲೇ ಹೂ ಕಂಡಿತು ಅಂದರೆ ಸಾಮಾನ್ಯವಾಗಿ ಆ ಸಸಿ ನೆಡುವ ವಯಸ್ಸು ದಾಟಿ ಅಲ್ಲೇ ಕೂತಿದೆ ಅಂತ ಅರ್ಥ. ಮೇಲೆ ಅರಳಿದ ಹಳದಿ ಹೂ ನಿಮಗೆ ಕಾಣುತ್ತದೆ. ಕೆಳಗೆ ಹಿಡಿ ಮಣ್ಣೂ ಇಲ್ಲದ ಜಾಗದಲ್ಲಿ ಬೇರು ಗೋಡೆಗೆ ತಾಗಿ, ತಿರುಗಿ, ಸುತ್ತು ಹಾಕುತ್ತಿರುವುದು ಕಾಣುವುದಿಲ್ಲ. ಬೇರಿಗೆ ಜಾಗ ಇಲ್ಲ, ಆಗಾಗ ಒಣಗುತ್ತದೆ, ಇದ್ದ ಗೊಬ್ಬರವೂ ಖಾಲಿ. ಇಂಥ ಇಕ್ಕಟ್ಟಿನಲ್ಲಿ ಎಷ್ಟೋ ಗಿಡಗಳು ಬೆಳೆಯುವುದು ಬಿಟ್ಟು ಹೂವಿಗೆ ತಿರುಗಿಕೊಳ್ಳುತ್ತವೆ. ನಾವು ಅದನ್ನು ನೋಡಿ 'ಎಷ್ಟು ಚೆನ್ನಾಗಿದೆ' ಅನ್ನುತ್ತೇವೆ.

ಇನ್ನು ನೆಟ್ಟ ಮೇಲೆ ಏನಾಗುತ್ತದೆ ನೋಡಿ. ಮಣ್ಣಿನಿಂದ ನೀರು ಎಳೆಯುವುದು ದಪ್ಪ ಬೇರಲ್ಲ, ತುದಿಯ ಹತ್ತಿರ ಇರುವ ಕೂದಲಿನಂಥ ಸಣ್ಣ ಬೇರು. ನಾಟಿ ಮಾಡುವಾಗ ಎಷ್ಟೇ ಹುಷಾರಾಗಿದ್ದರೂ ಅದರಲ್ಲಿ ಒಂದಷ್ಟು ಹರಿಯುತ್ತದೆ. ಗಿಡಕ್ಕೆ ಮೊದಲು ಬೇಕಾಗಿರುವುದು ಹೊಸ ಬೇರು. ಬೇರು ಹುಟ್ಟಬೇಕಾದರೆ ಎಲೆ ತಯಾರಿಸಿದ ಆಹಾರ ಕೆಳಗೆ ಇಳಿಯಬೇಕು. ಆದರೆ ಮೇಲೆ ಹೂವು, ಮಿಡಿಕಾಯಿ ಕೂತಿದ್ದರೆ ದೊಡ್ಡ ಪಾಲು ಅವೇ ಹೊಡೆಯುತ್ತವೆ. ಬೇರಿಗೆ ಉಳಿಯುವುದು ಅಷ್ಟಕ್ಕಷ್ಟೆ. ಅತ್ತ ದೊಡ್ಡ ದೊಡ್ಡ ಎಲೆಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಕೊನೆಗೆ ಗಿಡ ಹೂ ಉದುರಿಸಿ ಜೀವ ಉಳಿಸಿಕೊಳ್ಳುತ್ತದೆ. ಅಂದರೆ ನೀವು ಯಾವುದನ್ನು ನೋಡಿ ದುಡ್ಡು ಕೊಟ್ಟಿರೋ, ಗಿಡ ಮೊದಲು ಬಿಸಾಡುವುದು ಅದನ್ನೇ.

ಎತ್ತರದ ಕಥೆಯೂ ಇಷ್ಟೇ. ಒತ್ತೊತ್ತಾಗಿ ಇಟ್ಟ ಸಸಿಗಳಿಗೆ ಪಕ್ಕದ ಗಿಡ ಇರುವುದು ಗೊತ್ತಾಗುತ್ತದೆ. ಎಲೆಗಳು ಬೆಳಕಿನ ಕೆಂಪು ಭಾಗವನ್ನು ಹೀರಿಕೊಂಡು, ಅದರಾಚೆಯ ಕಡುಗೆಂಪನ್ನು ಬಿಟ್ಟುಬಿಡುತ್ತವೆ. ಆ ಎರಡರ ಪ್ರಮಾಣ ಬದಲಾದದ್ದನ್ನು ಸಸಿ ಗುರುತಿಸುತ್ತದೆ. ತಕ್ಷಣ ಕಾಂಡ ಉದ್ದ ಆಗಲು ಶುರು. ಗುಂಪಿನ ಹಿಂದೆ ಸಿಕ್ಕಿಕೊಂಡವರು ತುದಿಗಾಲಲ್ಲಿ ನಿಲ್ಲುವ ಹಾಗೆ. ಅದನ್ನು ಯಾರೂ 'ಎತ್ತರದ ಆಳು' ಅನ್ನುವುದಿಲ್ಲ, ಅಲ್ವಾ?

ಎರಡು ಸಸಿ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಒಂದು ಒಂದೂವರೆ ಗೇಣು ಉದ್ದ, ಒಂದು ಗೆಣ್ಣಿನಿಂದ ಇನ್ನೊಂದಕ್ಕೆ ಮೂರು ಬೆರಳು ದೂರ, ಕಾಂಡ ತಿಳಿ ಹಸಿರು, ತಟ್ಟೆ ಎತ್ತಿದರೆ ಓಲಾಡುತ್ತದೆ. ಇನ್ನೊಂದು ಒಂದು ಗೇಣೂ ಇಲ್ಲ. ಕಾಂಡ ಹೆಚ್ಚುಕಡಿಮೆ ಪೆನ್ಸಿಲ್ ದಪ್ಪ, ಎಲೆ ಕಡು ಹಸಿರು, ಗೆಣ್ಣುಗಳು ಹತ್ತಿರ ಹತ್ತಿರ. ಎರಡನ್ನೂ ಒಂದೇ ದಿನ ಒಂದೇ ಪಾತಿಗೆ ಹಾಕಿ. ಉದ್ದದ್ದು ಬಿಸಿಲಿಗೆ ಮಲಗುತ್ತದೆ, ಗಾಳಿಗೆ ಬಾಗುತ್ತದೆ, ಅದಕ್ಕೊಂದು ಕೋಲು ಬೇಕು. ಗಿಡ್ಡದ್ದು ಕೆಲವು ದಿನ ಏನೂ ಮಾಡದೆ ಸುಮ್ನೆ ನಿಂತ ಹಾಗೆ ಕಾಣುತ್ತದೆ. ಕೆಳಗೆ ಬೇರು ಬಿಡುತ್ತಿರುತ್ತದೆ. ಆಮೇಲೆ ಅದು ಹೊರಟರೆ ಹಿಂದೆ ತಿರುಗಿ ನೋಡುವುದಿಲ್ಲ.

'ಬೆಳೆಯ ಸಿರಿ ಮೊಳಕೆಯಲ್ಲಿ ನೋಡು ಅಂತ ಗಾದೆ ಇಲ್ವಾ?' ಅಂತ ನನಗೇ ಪಾಠ ಹೇಳಿದವರಿದ್ದಾರೆ. ಇದೆ ಸ್ವಾಮಿ. ಗಾದೆ ಮೊಳಕೆ ನೋಡು ಅಂದಿದೆ, ಹೂ ನೋಡು ಅಂದಿಲ್ಲ.

ಸರಿ, ಏನು ನೋಡಬೇಕು? ಬೇರು. ಸಣ್ಣ ಕಪ್‌ನಲ್ಲಿರುವ ಸಸಿಯಾದರೆ ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು, ಕಪ್ ಬೋರಲು ಮಾಡಿ, ತಳಕ್ಕೆ ಮೆಲ್ಲಗೆ ತಟ್ಟಿ. ಮಣ್ಣು ಉದುರದೆ ಗಡ್ಡೆಯಾಗಿ ಹೊರಗೆ ಬರಬೇಕು. ಬೇರು ಬೆಳ್ಳಗಿರಬೇಕು, ಬೇರಿನ ನಡುವೆ ಮಣ್ಣು ಕಾಣಬೇಕು. ಮಣ್ಣೇ ಕಾಣದೆ ಬೇರು ಚಾಪೆ ಹೆಣೆದಂತಿದ್ದರೆ ಸಸಿಗೆ ವಯಸ್ಸಾಗಿದೆ. ಮಣ್ಣು ಪೂರ್ತಿ ಉದುರಿದರೆ ಇನ್ನೂ ಎಳಸು. ಬೇರು ಕಂದಾಗಿ, ಲೋಳೆಯಾಗಿ, ವಾಸನೆ ಬಂದರೆ ಅಲ್ಲೇ ಇಟ್ಟುಬಿಡಿ. ಪ್ಲಾಸ್ಟಿಕ್ ಪಾಕೀಟಿನ ಗಿಡವಾದರೆ ತಳದ ತೂತು ನೋಡಿ. ನೆಲದ ಮೇಲೆ ತುಂಬಾ ದಿನ ಇಟ್ಟ ಪಾಕೀಟಿನಿಂದ ಬೇರು ಹೊರಗೆ ಬಂದು ನೆಲಕ್ಕೇ ಇಳಿದಿರುತ್ತದೆ. ಎತ್ತುವಾಗ 'ಟಪ್' ಅಂತ ಶಬ್ದ ಬಂತಾ? ಗಿಡ ಅಷ್ಟು ದಿನ ಬದುಕಿದ್ದ ಬೇರು ಅಲ್ಲೇ ಉಳಿಯಿತು. ತಟ್ಟಿ ತೋರಿಸಿ ಅಂತ ಅಂಗಡಿಯವರನ್ನೇ ಕೇಳಿ. ನಾನಂತೂ ತೋರಿಸುತ್ತೇನೆ. ನೀವೇ ತಟ್ಟಿ ಕಾಂಡ ಮುರಿದರೆ ಮಾತ್ರ ಆ ಸಸಿ ನಿಮ್ಮದೇ.

ಈಗಾಗಲೇ ಹೂ ಬಿಟ್ಟದ್ದನ್ನು ತಂದಾಗಿದೆ ಅಂದರೆ ಹೂವನ್ನು ಚಿವುಟಿ ಹಾಕಿ. ಹೌದು, ಎಲ್ಲವನ್ನೂ. ಹೊಟ್ಟೆ ಉರಿಯುತ್ತದೆ, ಗೊತ್ತು. ಸುತ್ತಿಕೊಂಡ ಬೇರನ್ನು ಬೆರಳಲ್ಲಿ ಸ್ವಲ್ಪ ಬಿಡಿಸಿ, ಸಂಜೆ ಹೊತ್ತು ನೆಟ್ಟು ನೀರು ಕೊಡಿ. ಉದ್ದ ಬೆಳೆದ ಟೊಮೆಟೊಗೆ ಒಂದು ಅನುಕೂಲ ಇದೆ. ಕೆಳಗಿನ ಎಲೆ ತೆಗೆದು ಕಾಂಡವನ್ನು ಆಳಕ್ಕೆ ಹೂತರೆ ಹೂತ ಭಾಗದಲ್ಲೂ ಬೇರು ಬರುತ್ತದೆ. ಇದನ್ನು ಕಂಡ ಕಂಡ ಗಿಡಕ್ಕೆಲ್ಲ ಮಾಡಲು ಹೋಗಬೇಡಿ, ಬುಡ ಕೊಳೆಯುತ್ತದೆ. ಅಂಗಡಿಯ ನೆರಳಲ್ಲಿದ್ದ ಸಸಿಯನ್ನು ನೇರ ಬಿಸಿಲಿಗೂ ನೂಕಬೇಡಿ. ನೆಡುವ ಮೊದಲು ವಾರವೋ ಹತ್ತು ದಿನವೋ, ದಿನಕ್ಕೆ ಸ್ವಲ್ಪ ಸ್ವಲ್ಪ ಬಿಸಿಲು ಜಾಸ್ತಿ ಮಾಡುತ್ತಾ ಅಭ್ಯಾಸ ಮಾಡಿಸಿ. ಮತ್ತೆ, ದಯವಿಟ್ಟು, ಪಾಕೀಟು ತೆಗೆದು ನೆಡಿ.

ಚೆಂಡುಹೂವಿನಂಥದ್ದನ್ನು ಬಣ್ಣ ನೋಡಿ ಒಯ್ಯಬೇಕು ಅಂದರೆ ಹೂ ಇದ್ದದ್ದನ್ನೇ ಒಯ್ಯಿರಿ, ನನ್ನ ತಕರಾರಿಲ್ಲ. ಕಸಿ ಮಾವಿನ ಗಿಡದಲ್ಲಿ ಕಾಯಿ ಕಂಡು ಕುಣಿಯುವವರ ಮೇಲೆ ಇದೆ. ಕಸಿಯ ಮೇಲಿನ ಕಡ್ಡಿ ಫಸಲು ಕೊಡುವ ದೊಡ್ಡ ಮರದಿಂದ ಬಂದದ್ದು. ಅದು ಪಾಕೀಟಿನಲ್ಲೇ ಹೂ ಬಿಡಬಲ್ಲದು. ಅದರಿಂದ ಬೇರಿನ ಬಗ್ಗೆ ಏನೂ ತಿಳಿಯುವುದಿಲ್ಲ. ಮೊದಲ ಎರಡು ಮೂರು ವರ್ಷ ಅದರ ಹೂವನ್ನೂ ತೆಗೆಯಬೇಕು.

ಬೆಳಕಿನ ಮಾತು ಬಂತಲ್ಲ, ಬಾಯಿ ಬಿಟ್ಟು ಯಾರೂ ಕೇಳದ ಇನ್ನೊಂದು ವಿಷಯ ಹೇಳುತ್ತೇನೆ. ಅಂಗಡಿಯಲ್ಲಿ ಸುತ್ತಮುತ್ತಲಿನವರು ಬರೆದ ಚಿತ್ರಗಳನ್ನೂ ಇಟ್ಟಿದ್ದೇನೆ. ಸಸಿಗಳಿಗೆ ಕಿಟಕಿ ಪಕ್ಕದ ಜಾಗ, ಚಿತ್ರಗಳಿಗೆ ಒಳಗಿನ ಮಬ್ಬು ಗೋಡೆ. ಕಲಾವಿದರಿಗೆ ಇದು ಅವಮಾನ ಅನ್ನುವ ನೋಟ ಕೆಲವರದು. ಅಸಲಿಗೆ ಅದು ಮರ್ಯಾದೆ. ನಡುಹಗಲಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಲಕ್ಸ್ ಅಂದರೆ ಬೆಳಕು ಅಳೆಯುವ ಮಾನ) ಇರುತ್ತದೆ. ಜಲವರ್ಣದಂಥ ಕಾಗದದ ಚಿತ್ರಗಳಿಗೆ ಮ್ಯೂಸಿಯಂಗಳು ಇಟ್ಟುಕೊಳ್ಳುವ ಮಿತಿ ಸುಮಾರು 50 ಲಕ್ಸ್. ಮಾಸಿದ ಬಣ್ಣ ಮತ್ತೆ ವಾಪಸ್ ಬರುವುದಿಲ್ಲ. ಸಾದಾ ಗಾಜು ಹಾಕಿದರೂ ಪೂರ್ತಿ ಕಾಯುವುದಿಲ್ಲ.

ತೇವ ಇನ್ನೂ ಕೆಟ್ಟದ್ದು. ಸಸಿಗೆ ನೀರು ಹಾಕಿದಷ್ಟೂ ಅಂಗಡಿಯ ಗಾಳಿಗೆ ತೇವ ಸೇರುತ್ತದೆ. ಗಾಳಿಯ ತೇವಾಂಶ ಶೇಕಡಾ 65-70 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಸ್ಟು. ಅದಕ್ಕೇ ಚೌಕಟ್ಟಿನ ಹಿಂದೆ ಎರಡು ಮೂಲೆಗೆ ಬಿರಡೆಯ (ಕಾರ್ಕ್) ಚೂರು ಅಂಟಿಸಿ, ಗೋಡೆಯಿಂದ ಸ್ವಲ್ಪ ದೂರ ನಿಲ್ಲಿಸಬೇಕು, ಹಿಂದೆ ಗಾಳಿ ಆಡಲಿ ಅಂತ. ಗಾಜಿಗೆ ಕಾಗದ ತಾಗಬಾರದು, ನಡುವೆ ದಪ್ಪ ರಟ್ಟಿನ ಅಂಚು ಇರಬೇಕು. ಚಿತ್ರ ಮಾರಾಟ ಆಗುವವರೆಗೆ ಅದು ಬರೆದವರದ್ದೇ, ಅಂಗಡಿಯದ್ದಲ್ಲ. ಬಂದಾಗ ಹೇಗಿತ್ತು, ಹಾಳಾದರೆ ಹೊಣೆ ಯಾರದ್ದು ಅಂತ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿರುತ್ತೇವೆ. ಇಂಥ ಅಂಗಡಿ ಶುರು ಮಾಡುವ ಯೋಚನೆ ಇದ್ದವರು ಈ ಚೀಟಿಯಿಂದಲೇ ಶುರು ಮಾಡಿ, ಗೋಡೆಗೆ ಮೊಳೆ ಆಮೇಲೆ ಹೊಡೆದರಾಯಿತು.

ಒಯ್ಯುವಾಗಲೂ ಅಷ್ಟೇ. ಚಿತ್ರಕ್ಕೊಂದು, ಸಸಿಗೊಂದು ಅಂತ ನಾನು ಎರಡು ಚೀಲ ಕೊಡುವುದು ಸುಮ್ನೆ ಅಲ್ಲ. ಬಾಗಿಲು ದಾಟಿದ ಮೇಲೆ ಎರಡನ್ನೂ ಒಂದಕ್ಕೇ ತುರುಕುವವರು ನೀವೇ.