ಲಾರಿಗಳ ಅಂಗಳದಲ್ಲಿ ಪಿಕಪ್‌ಗೆ ಜಾಗವಿಲ್ಲವೇ?

ಓದುಗರ ಪ್ರಶ್ನೆ: ನಮ್ಮದು ಜಮಖಂಡಿ ತಾಲೂಕು. ಸ್ವಂತ ಪಿಕಪ್ ಇದೆ. ದಾಳಿಂಬೆ, ಬೆಲ್ಲ, ಕಾಯಿಪಲ್ಲೆ ಹೇರಿಕೊಂಡು ಬೆಳಗಾವಿ, ಕೊಲ್ಹಾಪುರ, ಸೊಲ್ಲಾಪುರಕ್ಕೆ ಹೋಗಿಬರುತ್ತೇನೆ. ರಾತ್ರಿ ಲಾರಿಗಳು ನಿಲ್ಲುವ ಢಾಬಾ ಅಥವಾ ಪಂಪ್‌ನ ಅಂಗಳದಲ್ಲಿ ನಿಲ್ಲಿಸಿ ಮಲಗಿದರೆ ‘ಇದು ಲಾರಿಗಳ ಜಾಗ’ ಎಂದು ಎಬ್ಬಿಸುತ್ತಾರೆ. ರಸ್ತೆ ಬದಿಗೆ ನಿಲ್ಲಿಸಿದರೆ ಪೊಲೀಸರು ಗಾಜು ಬಡಿಯುತ್ತಾರೆ. ಅಲ್ಲಿ ನಿಲ್ಲಿಸುವ ಹಕ್ಕು ನಮಗೆ ಇದೆಯೇ, ಇಲ್ಲವೇ?

ಇಲ್ಲ. ಢಾಬಾದ ಅಂಗಳ ಢಾಬಾದವನದು, ಪಂಪ್‌ನ ಅಂಗಳ ಪಂಪ್‌ನವರದು. ಪೆಟ್ರೋಲ್ ಪಂಪ್‌ಗಳು ಗಾಳಿ, ಕುಡಿಯುವ ನೀರು, ಶೌಚಾಲಯ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಒದಗಿಸಲೇಬೇಕೆಂಬ ನಿಯಮವಿದೆ. ಡೀಸೆಲ್ ಹಾಕಿಸದಿದ್ದರೂ ಇವನ್ನು ಕೇಳಿ ಪಡೆಯಬಹುದು. ಆದರೆ ರಾತ್ರಿಯಿಡೀ ಗಾಡಿ ನಿಲ್ಲಿಸಿಕೊಳ್ಳುವುದು ಆ ಪಟ್ಟಿಯಲ್ಲಿಲ್ಲ. ಅದು ಅವರ ಮನಸ್ಸಿಗೆ ಬಿಟ್ಟದ್ದು. ಇಷ್ಟು ಹೇಳಿ ಮುಗಿಸಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಂತಾಗುತ್ತದೆ, ನಿದ್ದೆ ಸಿಗುವುದಿಲ್ಲ. ಲಾರಿಯವನಿಗೆ ಒಲಿಯುವ ಆ ಮನಸ್ಸು ನಿಮಗೆ ಯಾಕೆ ಒಲಿಯುವುದಿಲ್ಲ ಎಂಬುದನ್ನು ನೋಡಬೇಕು.

ನಾನೂ ಕೆಲವು ವರ್ಷ ಪಿಕಪ್ ಓಡಿಸಿದವನು. ಆಗ ನನಗೂ ಇದು ಅವಮಾನವೆಂದೇ ಅನಿಸುತ್ತಿತ್ತು. ಆಮೇಲೆ ಅವರ ಲೆಕ್ಕ ತಿಳಿಯಿತು. ಟಾಟಾ ಏಸ್‌ನಂಥ ಗಾಡಿಯ ಟ್ಯಾಂಕ್ ಸುಮಾರು 30 ಲೀಟರಿನದು. ದೊಡ್ಡ ಲಾರಿ ಒಂದು ಸಲ ಪಂಪ್‌ಗೆ ಬಂದರೆ ನೂರಾರು ಲೀಟರ್ ಹಾಕಿಸಿಕೊಂಡು ಹೋಗುತ್ತದೆ. ಲಾರಿಯಿಂದ ಇಳಿಯುವವರು ಇಬ್ಬರು, ಇಬ್ಬರಿಗೂ ಊಟ ಬೇಕು, ಬೆಳಿಗ್ಗೆ ಸ್ನಾನ, ಚಹಾ, ಮೇಲೆ ಇನ್ನೊಂದು ಚಹಾ. ನಾವು ಒಬ್ಬರೇ. ಕೈಯಲ್ಲಿ ಮನೆಯಿಂದ ಕಟ್ಟಿಸಿಕೊಂಡ ಖಡಕ್ ರೊಟ್ಟಿಯ ಗಂಟು ಬೇರೆ. ಜಾಗದಲ್ಲೂ ಲಾಭವಿಲ್ಲ. ಏಸ್ ನಾಲ್ಕು ಮೀಟರಿಗಿಂತ ಗಿಡ್ಡ. ಆದರೆ ಅದನ್ನು ಅಂಗಳದ ನಡುವೆ ಅಡ್ಡಡ್ಡ ನಿಲ್ಲಿಸಿದರೆ ಹದಿನಾರು, ಹದಿನೆಂಟು ಮೀಟರಿನ ಟ್ರೇಲರ್ ತಿರುಗುವ ದಾರಿಯೇ ಕಟ್ಟುತ್ತದೆ. ಮಾಲೀಕನ ಕಣ್ಣಿಗೆ ಸಣ್ಣ ಗಾಡಿ ನುಂಗುವುದು ತನ್ನಷ್ಟೇ ಜಾಗವನ್ನಲ್ಲ, ಒಂದು ಟ್ರೇಲರಿನ ಜಾಗವನ್ನು.

ಲೆಕ್ಕದಾಚೆ ಇನ್ನೊಂದು ಸಂಗತಿಯಿದೆ, ನನಗೆ ಸಿಟ್ಟು ಬರುವುದು ಅಲ್ಲಿಯೇ. ನಮ್ಮ ಗಾಡಿ ಯಾವ ಜಾತಿಯದೆಂಬುದು ಯಾರಿಗೂ ಖಚಿತವಿಲ್ಲ. ಟಾಟಾ ಏಸ್‌ಗೆ ಅಂಟಿಸುವ ಫಾಸ್ಟ್ಯಾಗ್ ಕಾರು, ಜೀಪುಗಳಿಗೆ ಅಂಟಿಸುವ ನಾಲ್ಕನೇ ವರ್ಗದ್ದೇ. ಹಾಗಾಗಿ ಹತ್ತರಗಿ ಟೋಲ್‌ನಲ್ಲಿ ಅದು ಕಾರು. ಆರ್‌ಟಿಒ ಎದುರು ನಿಂತರೆ ಹಳದಿ ಫಲಕದ ಸರಕು ವಾಹನ. ಹೋಟೆಲಿನ ಕಾರು ನಿಲ್ದಾಣಕ್ಕೆ ಹೋದರೆ ಕಾವಲುಗಾರ ‘ಮಾಲಿನ ಗಾಡಿ ಒಳಗೆ ಬೇಡ’ ಎನ್ನುತ್ತಾನೆ, ಲಾರಿ ಅಂಗಳಕ್ಕೆ ಹೋದರೆ ‘ಇದೇನು ಆಟಿಕೆ’ ಎನ್ನುತ್ತಾರೆ. 2005ರಲ್ಲಿ ಏಸ್ ಬಂದಾಗಿನಿಂದ ಹಳ್ಳಿಯಿಂದ ಪೇಟೆಗೆ ಹೋಗುವ ಮಾಲಿನ ದಾರಿಯೇ ಬದಲಾಯಿತು. ನಿಲ್ಲಿಸುವ ಜಾಗಗಳ ನಕ್ಷೆ ಬದಲಾಗಲಿಲ್ಲ. ಹೆದ್ದಾರಿ ಪ್ರಾಧಿಕಾರ 40ರಿಂದ 60 ಕಿಲೋಮೀಟರಿಗೊಂದು ವಿಶ್ರಾಂತಿ ತಾಣ ಇರಬೇಕೆಂದು ಯೋಜನೆ ಹಾಕಿಕೊಂಡಿದೆ. ತೈಲ ಕಂಪನಿಗಳು ಆಯ್ದ ಪಂಪ್‌ಗಳಲ್ಲಿ ಲಾರಿ ಚಾಲಕರಿಗಾಗಿ ‘ಅಪ್ನಾ ಘರ್’ ಎಂಬ ಮಲಗುವ ಕೋಣೆಗಳನ್ನು ಕಟ್ಟಿಸಿವೆ. ಅಂಥದ್ದು ನಿಮ್ಮ ದಾರಿಯಲ್ಲಿ ಸಿಕ್ಕರೆ ಹಿಂಜರಿಯದೆ ಹೋಗಿ ಹಾಸಿಗೆ ಕೇಳಿ. ಪಿಕಪ್ ಚಾಲಕನೂ ಚಾಲಕನೇ.

ರಸ್ತೆ ಬದಿಯ ಮಾತಿಗೆ ಬರುತ್ತೇನೆ. ಇಲ್ಲಿ ಪೊಲೀಸರ ಮೇಲೆ ಸಿಟ್ಟಾಗಬೇಡಿ, ಗಾಜು ಬಡಿದವನು ನಿಮ್ಮ ಜೀವ ಉಳಿಸಿರಬಹುದು. ಅಪಾಯ ಅಥವಾ ಅಡಚಣೆ ಆಗುವಂತೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮು ಹೇಳುತ್ತದೆ. 2019ರ ತಿದ್ದುಪಡಿಯ ನಂತರ ಅದೇ ಕಾಯ್ದೆಯ 177ನೇ ಕಲಮಿನ ಸಾಮಾನ್ಯ ದಂಡ ಮೊದಲ ಸಲ 500 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 1,500ರವರೆಗೆ. ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮನ್ನು ಹಚ್ಚಿದರೆ ದಂಡ 5,000 ರೂಪಾಯಿವರೆಗೂ ಏರಬಹುದು. ‘ಹತ್ತು ಗಂಟೆಯವರೆಗೆ ನಿಲ್ಲಿಸಬಹುದಂತೆ’ ಎಂದು ನಮ್ಮವರು ಹೇಳುವುದನ್ನು ಕೇಳಿದ್ದೇನೆ. ಅದು 127ನೇ ಕಲಮನ್ನು ಅರ್ಧ ಕೇಳಿಸಿಕೊಂಡದ್ದು. ಯಾರೂ ಇಲ್ಲದೆ ಹತ್ತು ಗಂಟೆಗೂ ಮೀರಿ ಬಿಟ್ಟುಹೋದ ವಾಹನವನ್ನು ಎಳೆಸಿಕೊಂಡು ಹೋಗುವ ಅಧಿಕಾರ ಪೊಲೀಸರಿಗಿದೆ ಎಂದಷ್ಟೇ ಅದರ ಅರ್ಥ. ಒಂಬತ್ತು ಗಂಟೆ ನಿಲ್ಲಿಸಲು ಪರವಾನಗಿ ಎಂದಲ್ಲ. ನಿಲುಗಡೆ ನಿಷೇಧವಿರುವ ಕಡೆ ನಿಲ್ಲಿಸಿದರೆ ಹತ್ತು ನಿಮಿಷಕ್ಕೂ ಎಳೆಸಬಹುದು, ಎಳೆಸಿದ ಖರ್ಚೂ ನಿಮ್ಮದೇ.

ಕಾನೂನಿಗಿಂತ ದೊಡ್ಡ ಕಾರಣ ಕಬ್ಬು. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಮುಧೋಳ, ಜಮಖಂಡಿ ಕಡೆ ರಾತ್ರಿ ಓಡಾಡಿದವರಿಗೆ ವಿವರಿಸಬೇಕಿಲ್ಲ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲ, ಎಷ್ಟೋ ಸಲ ಪ್ರತಿಫಲಕದ ಪಟ್ಟಿಯೂ ಇಲ್ಲ, ಅಂಚು ಮೀರಿ ಹೊರಚಾಚಿದ ಕಬ್ಬು. ನೀವು ರಸ್ತೆಯ ಅಂಚಿಗೆ ಅಂಟಿಕೊಂಡು ನಿಲ್ಲಿಸಿದ್ದೇನೆಂದು ಮಲಗಿರುತ್ತೀರಿ. ಎದುರು ಬರುವವನ ಬೆಳಕಿಗೆ ಕಣ್ಣು ಕುಕ್ಕಿದ ಟ್ರ್ಯಾಕ್ಟರಿನವನು ಅದೇ ಅಂಚಿಗೆ ಸರಿಯುತ್ತಾನೆ. ಪಿಕಪ್‌ನ ಹಿಂದೆ ಕೆಂಪು ಪಟ್ಟಿ ಇದ್ದರೂ ಇಳಿಬಿದ್ದ ತಾಡಪತ್ರಿ ಅದನ್ನು ಮುಚ್ಚಿರುತ್ತದೆ. ಈ ಒಂದು ತಪ್ಪನ್ನು ನಮ್ಮಲ್ಲಿ ಹತ್ತರಲ್ಲಿ ಏಳು ಜನ ಮಾಡುತ್ತಾರೆ, ನಾನೂ ಮಾಡಿದ್ದೇನೆ. ತಾಡಪತ್ರಿಯ ಅಂಚನ್ನು ಮೇಲಕ್ಕೆ ಮಡಚಿ ಕಟ್ಟುವುದಕ್ಕೆ ಎರಡು ನಿಮಿಷ ಸಾಕು.

ಗಾಡಿ ಕೆಟ್ಟು ರಸ್ತೆ ಬದಿಯಲ್ಲೇ ನಿಲ್ಲಬೇಕಾಗಿ ಬಂದರೆ ಮಾತು ಬೇರೆ. ನಾಲ್ಕೂ ದೀಪ ಮಿಣುಕಿಸಿ, ಎಚ್ಚರಿಕೆಯ ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ. ಬೇರೆ ರಸ್ತೆಯಾದರೆ 112. ನೀವು ಮಾತ್ರ ಕ್ಯಾಬಿನ್ನಿನಲ್ಲಿ ಕೂರಬೇಡಿ, ಇಳಿದು ರಸ್ತೆಯಿಂದ ದೂರ ನಿಲ್ಲಿ.

ಹಾಗಾದರೆ ಎಲ್ಲಿ ನಿಲ್ಲಿಸುವುದು? ಇದಕ್ಕೆ ಉತ್ತರ ಹೇಳುವ ಮೊದಲು ನನ್ನ ಒಂದು ರಾತ್ರಿಯ ಕಥೆ ಕೇಳಿ. ಲೋಕಾಪುರ ದಾಟಿದ ಮೇಲೆ ಒಂದು ಢಾಬಾ. ಗಾಡಿಯ ತುಂಬ ಕೊತ್ತಂಬರಿ, ಮೆಂತ್ಯೆ. ಬೆಳಗಿನ ಸವಾಲಿಗೆ, ಅಂದರೆ ಹರಾಜಿಗೆ, ಬೆಳಗಾವಿ ಮುಟ್ಟಬೇಕು. ಹನ್ನೊಂದಕ್ಕೆ ಬಂದೆ, ಅಂಗಳ ಖಾಲಿ ಇತ್ತು. ಒಳ್ಳೆಯ ಜಾಗ ಸಿಕ್ಕಿತೆಂದು ಗೋಡೆಗೆ ಮೂತಿ ಮಾಡಿ ನಿಲ್ಲಿಸಿ, ಊಟ ಮಾಡಿ ಮಲಗಿದೆ. ಮೂರಕ್ಕೆ ಎದ್ದು ನೋಡಿದರೆ ಹಿಂದೆ ಒಂದು, ಬಲಕ್ಕೆ ಒಂದು, ಮೆಕ್ಕೆಜೋಳದ ಲಾರಿಗಳು. ಬಲಗಡೆಯವನನ್ನು ಎಬ್ಬಿಸಿದೆ, ಅವನು ಗೊಣಗುತ್ತಲೇ ಸರಿಸಿದ. ಹಿಂದಿನ ಲಾರಿಯಲ್ಲಿ ಜನವೇ ಇಲ್ಲ. ಚಾಲಕ ಹತ್ತಿರದ ತನ್ನ ಊರಿಗೆ ಹೋಗಿದ್ದಾನೆ, ಕೀಲಿಯೂ ಅವನ ಜೊತೆಗೆ. ಢಾಬಾದ ಹಿರಿಯರು ಚಹಾ ಕೊಟ್ಟು, ‘ತಮ್ಮಾ, ನಿನಗೆ ಮೂರಕ್ಕೆ ಹೋಗಬೇಕೆಂದು ರಾತ್ರಿಯೇ ಒಂದು ಮಾತು ಹೇಳಿದ್ದರೆ ಆ ಮೂಲೆಯಲ್ಲಿ ನಿಲ್ಲಿಸುತ್ತಿದ್ದೆನಲ್ಲ’ ಎಂದರು. ಪೇಟೆ ಮುಟ್ಟಿದಾಗ ಸವಾಲು ಮುಗಿದು ಹಮಾಲರು ಬೀಡಿ ಹಚ್ಚಿ ಕೂತಿದ್ದರು. ಬಾಡಿದ ಕೊತ್ತಂಬರಿಯನ್ನು ಕೊನೆಗೆ ಒಬ್ಬ ಕೈಗಾಡಿಯವನು ಕೇಳಿದ ದರಕ್ಕೆ ಕೊಟ್ಟು ಬಂದೆ. ರೈತರಿಗೆ ಮುಖ ತೋರಿಸಲು ಒಂದು ವಾರ ಬೇಕಾಯಿತು.

ಲಾರಿಯವರ ಮತ್ತು ನಮ್ಮ ಜಗಳದ ಮೂಲ ಗಾಡಿಯ ಅಳತೆಯಲ್ಲಿಲ್ಲ, ಹೊರಡುವ ಹೊತ್ತಿನಲ್ಲಿದೆ. ಅವನು ಎಂಟಕ್ಕೆ ಎದ್ದರೂ ನಡೆಯುತ್ತದೆ. ನಮ್ಮ ಮಾಲು ಸೂರ್ಯ ಹುಟ್ಟುವುದನ್ನು ಕಾಯುವುದಿಲ್ಲ. ಆದ್ದರಿಂದ ಅಂಗಳಕ್ಕೆ ಹೋದ ಕೂಡಲೇ ಗಾಡಿ ನಿಲ್ಲಿಸಬೇಡಿ. ಅಂಗಳದ ಬಾಗಿಲಲ್ಲಿ ಒಂದು ಬದಿಗೆ ಬಿಟ್ಟು ಇಳಿದು ಹೋಗಿ, ಗಲ್ಲೆಯ ಮೇಲೆ ಕೂತವರಿಗೆ ಎರಡು ಮಾತು ಹೇಳಿ: ‘ಸಾಹುಕಾರರೇ, ಊಟ ಇಲ್ಲೇ ಮಾಡುತ್ತೇನೆ, ಮೂರಕ್ಕೆ ಹೋಗುತ್ತೇನೆ, ಎಲ್ಲಿ ನಿಲ್ಲಿಸಲಿ?’ ಜಾಗ ಕೇಳಿದರೆ ಇಲ್ಲ ಎನ್ನುವವರು, ಎಲ್ಲಿ ಎಂದು ಕೇಳಿದರೆ ಕೈ ತೋರಿಸುತ್ತಾರೆ. ಸಾಮಾನ್ಯವಾಗಿ ನೀರಿನ ಟಾಕಿಯ ಪಕ್ಕ ಅಥವಾ ಅಡುಗೆಮನೆಯ ಹಿಂದೆ, ಲಾರಿ ಹೋಗಲಾಗದ ಒಂದು ಸಂದು ಇದ್ದೇ ಇರುತ್ತದೆ. ಅದು ನಿಮ್ಮದು. ಮೂತಿ ಹೊರಗೆ ಇರಲಿ. ಲಾರಿಯ ಬೆನ್ನ ಹಿಂದೆ ಎಂದಿಗೂ ಬೇಡ. ಅವನ ಕನ್ನಡಿಯಲ್ಲಿ ನೀವು ಕಾಣುವುದಿಲ್ಲ, ಬೆಳಗಿನ ಜಾವ ಕ್ಲೀನರ್ ಇಳಿದು ನೋಡುತ್ತಾನೆಂಬ ಭರವಸೆಯೂ ಇಲ್ಲ. ಮತ್ತೆ, ರೊಟ್ಟಿಯ ಗಂಟು ಇದ್ದರೂ ಒಂದು ತಟ್ಟೆ ಪಲ್ಯವನ್ನಾದರೂ ತೆಗೆದುಕೊಳ್ಳಿ. ಒಂದೇ ದಾರಿಯಲ್ಲಿ ವಾರಕ್ಕೆ ಮೂರು ಸಲ ಓಡಾಡುವವರು ಒಂದೇ ಢಾಬಾ, ಒಂದೇ ಪಂಪ್ ಹಿಡಿದರೆ ತಿಂಗಳೊಳಗೆ ಆ ಸಂದಿಗೆ ನಿಮ್ಮ ಹೆಸರೇ ಬೀಳುತ್ತದೆ.

ಮಳೆಗಾಲದಲ್ಲಿ ಮಾತ್ರ ಆ ಸಂದನ್ನೂ ಇಳಿದು ತುಳಿದು ನೋಡಿ. ವಿಜಯಪುರ, ಬಾಗಲಕೋಟೆಯ ಎರೆಮಣ್ಣು ಒಂದು ಮಳೆಗೆ ಅಂಟಾಗುತ್ತದೆ. ಏಸ್‌ನ ಹನ್ನೆರಡು ಇಂಚಿನ ಚಕ್ರ ಒಮ್ಮೆ ಕೂತರೆ ಎಳೆಯಲು ಲಾರಿಯವನನ್ನೇ ಕರೆಯಬೇಕು. ಕೊಲ್ಹಾರದ ಕಡೆ ಒಮ್ಮೆ ಹಾಗಾಗಿ, ಹಗ್ಗ ಕಟ್ಟಿ ಎಳೆದ ಲಾರಿಯಣ್ಣ ಹಣ ತೆಗೆದುಕೊಳ್ಳದೆ ಬೈಗುಳವನ್ನಷ್ಟೇ ಕೊಟ್ಟು ಹೋದ.

ಹೆದ್ದಾರಿ 48ರಲ್ಲಿ, ಅಂದರೆ ಹಿರೇಬಾಗೇವಾಡಿ, ಹತ್ತರಗಿ, ಕೊಗನೊಳ್ಳಿ ಟೋಲ್‌ಗಳ ದಾರಿಯಲ್ಲಿ, ಢಾಬಾ ಸಿಗದಿದ್ದರೆ ಟೋಲ್ ಸುತ್ತಮುತ್ತ ಲಾರಿಗಳಿಗೆಂದೇ ಬಿಟ್ಟ ಬದಿಯ ಜಾಗ ನೋಡಿ. ಅದು ಖಾಸಗಿಯವರದಲ್ಲ, ಹೆದ್ದಾರಿಯ ಭಾಗ. ಬೇರೆ ಫಲಕ ಇಲ್ಲದಿದ್ದರೆ ನಿಮ್ಮನ್ನು ‘ಚಿಕ್ಕ ಗಾಡಿ’ ಎಂದು ಎಬ್ಬಿಸಲು ಲಾರಿಯವನಿಗೆ ಅಧಿಕಾರವಿಲ್ಲ. ಟೋಲ್‌ನ ಬೆಳಕು ಬೀಳುವಷ್ಟು ಹತ್ತಿರ ನಿಲ್ಲಿಸಿದರೆ ಸ್ಟೆಪ್ನಿ, ಬ್ಯಾಟರಿ, ಡೀಸೆಲ್ ಕಳ್ಳರ ಭಯವೂ ಕಡಿಮೆ. ಗೇಟು ದಾಟಿದ ತಕ್ಷಣ ರಸ್ತೆ ಕಿರಿದಾಗುವ ಜಾಗದಲ್ಲಿ ಮಾತ್ರ ಬೇಡ, ಎಲ್ಲರೂ ವೇಗ ಹೆಚ್ಚಿಸುವುದು ಅಲ್ಲಿಯೇ. ಬಾಗಲಕೋಟೆಯ ನವನಗರದ ಸೆಕ್ಟರ್‌ಗಳಲ್ಲಿ ರಸ್ತೆ ಅಗಲವಾಗಿದೆ ಎಂದು ಮನೆಗಳ ಮುಂದೆ ನಿಲ್ಲಿಸುವವರಿದ್ದಾರೆ. ನಿಮ್ಮ ಮನೆಯ ಮುಂದೆ ಬೆಳಗಿನ ಮೂರಕ್ಕೆ ಯಾರಾದರೂ ಪಿಕಪ್ ಚಾಲೂ ಮಾಡಿದರೆ ನೀವು ಏನು ಹೇಳುತ್ತೀರಿ?

ಕ್ಯಾಬಿನ್ನಿನಲ್ಲಿ ಮಲಗುವವರಿಗೆ ಎರಡು ಮಾತು. ಗಾಜು ಪೂರ್ತಿ ಏರಿಸಿಕೊಂಡು ಎಂಜಿನ್ ಚಾಲೂ ಇಟ್ಟು ಮಲಗಬೇಡಿ, ಸೊಳ್ಳೆಬತ್ತಿಯನ್ನೂ ಒಳಗೆ ಹಚ್ಚಬೇಡಿ. ಕೀಲಿ ಗಾಡಿಯಲ್ಲಿಯೇ ಬಿಟ್ಟು ಹೊರಗೆ ಹೊರಸಿನ ಮೇಲೆ ಮಲಗಿದಾಗ ಗಾಡಿ ಕಳುವಾದರೆ ವಿಮೆಯವರು ಅದನ್ನೇ ಹಿಡಿದುಕೊಂಡು ಜಗ್ಗಾಡುತ್ತಾರೆ. ಇನ್ನು ಗಾಡಿಯ ವಿಮೆ ಗಾಡಿಗೆ, ಮಾಲಿಗಲ್ಲ. ದಾಳಿಂಬೆಯ ಪೆಟ್ಟಿಗೆ ಹೋದರೆ ಅದರಿಂದ ಒಂದು ರೂಪಾಯಿ ಬರುವುದಿಲ್ಲ.

ಕಡೆಯದಾಗಿ ನಿಮ್ಮ ದಾರಿಯ ವಿಚಾರ. ಬಾಡಿಗೆ ಗಾಡಿಯ ಚಾಲಕರಿಗೆ ದಿನಕ್ಕೆ ಎಂಟು ಗಂಟೆಯ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ ಎಂದು 1961ರಲ್ಲಿಯೇ ಕಾಯ್ದೆ ಬಂದಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳ ಮಾತಾಗಿತ್ತು. ತಾನೇ ಮಾಲೀಕ, ತಾನೇ ಚಾಲಕ ಆದವನಿಗೆ ‘ಸಾಕು, ಮಲಗು’ ಎನ್ನುವವರು ಯಾರೂ ಇಲ್ಲ. ಸೊಲ್ಲಾಪುರ, ಕೊಲ್ಹಾಪುರದ ಬಾಡಿಗೆಗೆ ನಡುದಾರಿಯ ಢಾಬಾ ಬೇಕಾಗಬಹುದು. ಆದರೆ ಜಮಖಂಡಿಯಿಂದ ಬೆಳಗಾವಿಗೆ ಹೋಗುವಾಗ ನಡುವೆ ಮಲಗುವ ಅಗತ್ಯವೇ ನನಗೆ ಕಾಣುವುದಿಲ್ಲ. ಸಂಜೆ ಲೋಡಾದ ಕೂಡಲೇ ಹೊರಟು ಪೇಟೆ ಮುಟ್ಟಿ ಅಲ್ಲಿಯೇ ಮಲಗಿ. ಎಪಿಎಂಸಿ ಅಂಗಳದಲ್ಲಿ ನಿಮ್ಮ ಗಾಡಿಯನ್ನು ಯಾರೂ ಆಟಿಕೆ ಎನ್ನುವುದಿಲ್ಲ, ಸುತ್ತ ನಿಂತವರೆಲ್ಲ ಪಿಕಪ್‌ನವರೇ. ಹೊರಡುವ ಮೊದಲು ಅಡತಿ ಅಂಗಡಿಯವರಿಗೆ ಒಂದು ಫೋನ್ ಮಾಡಿ, ಗೇಟು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಕಾವಲುಗಾರನಿಗೆ ಯಾರ ಹೆಸರು ಹೇಳಬೇಕು ಎಂದು ಕೇಳಿಕೊಳ್ಳಿ.