ಪ್ಯಾರಿಸ್‌ನಲ್ಲಿ ಎರಡೇ ದಿನ: ದೋಣಿಗೆ ಒಂದು ಗಂಟೆ ಕೊಡಬೇಕಾ?

ಪ್ರಶ್ನೆ: ಅಪ್ಪ ಅಮ್ಮನನ್ನು ಕರೆದುಕೊಂಡು ಯುರೋಪ್ ನೋಡಲು ಹೊರಟಿದ್ದೇವೆ. ಪ್ಯಾರಿಸ್‌ನಲ್ಲಿ ಇರುವುದು ಎರಡೇ ದಿನ. ಅಲ್ಲಿ ಸೇನ್ ನದಿಯ ಮೇಲೆ ಒಂದು ಗಂಟೆ ದೋಣಿಯಲ್ಲಿ ಸುತ್ತಿಸುತ್ತಾರಂತೆ. ನಡೆದೇ ನೋಡಬಹುದಾದ ಊರನ್ನು ದುಡ್ಡು ಕೊಟ್ಟು ದೋಣಿಯಿಂದ ಯಾಕೆ ನೋಡಬೇಕು? ಹೋಗುವುದಾದರೆ ಯಾವ ಹೊತ್ತಿಗೆ ಹೋಗಬೇಕು?

ಉತ್ತರ: ಹೋಗಿ. ಮೊದಲ ದಿನವೇ ಹೋಗಿ. ಹೊತ್ತು ಮುಳುಗಲು ಅರ್ಧ ಗಂಟೆ ಇರುವಾಗ ಹತ್ತಿ, ಮೇಲಿನ ತೆರೆದ ಅಟ್ಟದಲ್ಲಿ ಕೂರಿ. ಅವಸರದಲ್ಲಿದ್ದರೆ ಇಷ್ಟು ಸಾಕು. ಆದರೆ "ಯಾಕೆ" ಅಂತ ಕೇಳಿದ್ದೀರಲ್ಲ, ಅದಕ್ಕೆ ಸ್ವಲ್ಪ ಸಾವಕಾಶವಾಗಿ ಹೇಳಬೇಕು.

ಪ್ಯಾರಿಸ್ ನದಿಯ ದಡದಲ್ಲಿ ಬೆಳೆದ ಊರು ಅಂತ ನಾವು ಅಂದುಕೊಳ್ಳುತ್ತೇವೆ. ನಿಜ ಹೇಳಬೇಕೆಂದರೆ ಅದು ನದಿಯ ನಡುವೆ ಬೆಳೆದದ್ದು. ಊರಿನ ಹಳೆಯ ತಿರುಳು ಇರುವುದು ಸಿತೆ ಎಂಬ ನಡುಗಡ್ಡೆಯಲ್ಲಿ. ನೋತ್ರ್ ದಾಮ್ ಚರ್ಚ್ ಇರುವುದೂ ಅಲ್ಲೇ. ಊರಿನ ಉಳಿದ ಭಾಗಕ್ಕೆ ಇವತ್ತಿಗೂ ಎಡದಂಡೆ, ಬಲದಂಡೆ ಅಂತಲೇ ಹೆಸರು. ತುಂಗಭದ್ರಾ ಕಾಲುವೆಗಳನ್ನು ನಾವು ಕರೆಯುತ್ತೇವಲ್ಲ, ಹಾಗೇ. ನೀರು ಹರಿಯುವ ಕಡೆ ಮುಖ ಮಾಡಿ ನಿಂತರೆ ಎಡಗೈ ಕಡೆಯದು ಎಡದಂಡೆ. ಎರಡು ದಿನ ಮೆಟ್ರೋದಲ್ಲಿ ನೆಲದಡಿ ಓಡಾಡಿದರೆ ಈ ಲೆಕ್ಕ ತಲೆಗೆ ಹತ್ತುವುದಿಲ್ಲ. ದೋಣಿಯಲ್ಲಿ ಕೂತರೆ ಹತ್ತೇ ನಿಮಿಷದಲ್ಲಿ ಯಾವುದು ಎಲ್ಲಿದೆ ಅಂತ ತಿಳಿಯುತ್ತದೆ. ಮೊದಲ ದಿನವೇ ಹೋಗಿ ಅಂದದ್ದು ಅದಕ್ಕೇ. ಕೊನೆಯ ದಿನ ಹೋದರೆ "ಅಯ್ಯೋ, ಲೂವ್ರ್ ಮ್ಯೂಸಿಯಂನಿಂದ ಇದು ಇಷ್ಟು ಹತ್ತಿರವಿತ್ತಾ" ಅಂತ ಅನ್ನಿಸಿಬಿಡುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ದಡದ ಮೇಲಿನ ಕಟ್ಟಡಗಳೆಲ್ಲ ನದಿಯ ಕಡೆ ಮುಖ ಮಾಡಿ ನಿಂತಿವೆ. ಅವು ಮೊದಲಿಂದಲೂ ಹಾಗೆ ಕಾಣುತ್ತಿರಲಿಲ್ಲ. ಒಂದು ಕಾಲದಲ್ಲಿ ಪ್ಯಾರಿಸ್ಸಿನ ಸೇತುವೆಗಳ ಮೇಲೆ ಎರಡೂ ಬದಿಗೆ ಮಾಳಿಗೆ ಮನೆಗಳಿದ್ದವು, ಅಂಗಡಿಗಳಿದ್ದವು. ಸೇತುವೆ ದಾಟುವವನಿಗೆ ಪೇಟೆ ಬೀದಿಯಲ್ಲಿ ನಡೆದ ಹಾಗೆ ಆಗುತ್ತಿತ್ತೇ ಹೊರತು ಕೆಳಗೆ ನದಿ ಇದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಹಾಗೆ ಮುಚ್ಚಿಹೋಗಿದ್ದ ನದಿಯನ್ನು ಆ ಊರು ನಾನೂರು ವರ್ಷಗಳಿಂದ ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳುತ್ತಾ ಬಂದಿದೆ. ದೋಣಿಯಲ್ಲಿ ಕೂತವರಿಗೆ ಕಾಣುವುದು ಆ ಕೆಲಸ.

ಅದು ಶುರುವಾದದ್ದು ಪೋಂ ನಫ್‌ನಿಂದ ಎನ್ನಬಹುದು. ಪೋಂ ನಫ್ ಅಂದರೆ ಹೊಸ ಸೇತುವೆ. ಇವತ್ತು ಪ್ಯಾರಿಸ್ಸಿನಲ್ಲಿ ನಿಂತಿರುವ ಸೇತುವೆಗಳಲ್ಲೆಲ್ಲ ಹಳೆಯದು ಅದೇ. ನಮ್ಮ ಹೊಸಪೇಟೆಯ ಹಾಗೆ. ಕೃಷ್ಣದೇವರಾಯನ ಕಾಲದ ಊರು, ಹೆಸರು ಮಾತ್ರ ಇನ್ನೂ ಹೊಸದು. 1578ರಲ್ಲಿ ಕೆಲಸ ಶುರುವಾಗಿ, ನಾಲ್ಕನೇ ಹೆನ್ರಿ ರಾಜನಾಗಿದ್ದಾಗ 1607ರಲ್ಲಿ ಮುಗಿಯಿತು. ಅದರ ಮೇಲೆ ಮನೆ ಕಟ್ಟಲಿಲ್ಲ. ನಡೆಯುವವರಿಗೆ ಅಂತಲೇ ಎರಡೂ ಬದಿಗೆ ಜಾಗ ಬಿಟ್ಟರು. ಸೇತುವೆಯ ಮೇಲೆ ನಿಂತು ಹೊಳೆ ನೋಡುವುದು ಆ ಊರಿನವರಿಗೆ ಆಗ ಹೊಸ ಸುಖವಾಗಿತ್ತು.

ನೀವು ದೋಣಿಯಲ್ಲಿ ಹೋಗುವಾಗ ಈ ಸೇತುವೆಯ ಕಮಾನುಗಳ ಮೇಲಂಚನ್ನು ನೋಡಿ. ಅಲ್ಲಿ ಉದ್ದಕ್ಕೂ ಕಲ್ಲಿನ ಮುಖಗಳಿವೆ. ಒಟ್ಟು 381. ಒಂದರ ಹಾಗೆ ಇನ್ನೊಂದಿಲ್ಲ. ಗಡ್ಡದವರು, ಕೊಂಬಿನವರು, ಬಾಯಿ ತೆರೆದವರು, ಸಿಟ್ಟಾದವರು. ನಮ್ಮ ದೇವಸ್ಥಾನದ ಕೀರ್ತಿಮುಖ ನೋಡಿ ಬೆಳೆದವರಿಗೆ ಇವು ತಟ್ಟನೆ ಹತ್ತಿರದವು ಅನ್ನಿಸುತ್ತವೆ. ಸೇತುವೆಯ ಮೇಲೆ ನಡೆಯುವವರ ಕಾಲ ಕೆಳಗೇ ಇವು ಇರುವುದರಿಂದ ಅವರಿಗೆ ಕಾಣುವುದಿಲ್ಲ. ನೀರಿನ ಮೇಲೆ ಬಂದವರಿಗೆ ಪೂರ್ತಿ ಮುಖ ತೋರಿಸುತ್ತವೆ. ನಡೆದೇ ನೋಡಬಹುದಲ್ಲ ಅಂತ ಕೇಳಿದ್ದಿರಿ. ಇವನ್ನು ಹಾಗೆ ನೋಡಲು ಆಗುವುದಿಲ್ಲ.

ಉಳಿದ ಸೇತುವೆಗಳ ಮನೆಗಳನ್ನು ಕೆಡವಲು 1786ರಲ್ಲಿ ರಾಜಾಜ್ಞೆ ಹೊರಟಿತು. ಇಲ್ಲಿ ನಮಗೆ ಸೇರಿದ ಒಂದು ಸಂಗತಿ ಇದೆ. ಬ್ರಿಟಿಷರ ವಿರುದ್ಧ ಸಹಾಯ ಕೇಳಲು ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು 1788ರಲ್ಲಿ ಪ್ಯಾರಿಸ್‌ಗೆ ಬಂದಿದ್ದರು. ಕಾವೇರಿಯ ನಡುಗಡ್ಡೆಯ ರಾಜಧಾನಿಯವರು ಸೇನ್ ನದಿಯ ನಡುಗಡ್ಡೆಯ ಊರಿಗೆ ಬಂದ ಹಾಗಾಯಿತು. ಶಾಂಜ್ ಸೇತುವೆಯ ಮೇಲಿನ ಮನೆಗಳನ್ನು ಉರುಳಿಸಿದ್ದು ಅದೇ ವರ್ಷ. ಸ್ವಲ್ಪ ಪಶ್ಚಿಮಕ್ಕೆ ಕಾಂಕಾರ್ಡ್ ಸೇತುವೆಯ ಕೆಲಸವೂ ನಡೆದಿತ್ತು. ಅವರು ಕೇಳಿದ ಸೈನ್ಯ ಸಿಗಲಿಲ್ಲ. ಮರುವರ್ಷ ಕ್ರಾಂತಿಯಾಯಿತು, ಜನ ಬಾಸ್ತೀಲ್ ಕೋಟೆಗೆ ನುಗ್ಗಿದರು. ಆ ಕೋಟೆಯನ್ನು ಒಡೆದ ಕಲ್ಲುಗಳನ್ನು ತಂದು ಕಾಂಕಾರ್ಡ್ ಸೇತುವೆಗೆ ಹಾಕಿದರು. 1791ರಲ್ಲಿ ಸೇತುವೆ ಮುಗಿಯಿತು. ನಿಮ್ಮ ದೋಣಿ ಅದರ ಕೆಳಗೇ ಹಾದುಹೋಗುತ್ತದೆ. ಶ್ರೀರಂಗಪಟ್ಟಣ ನೋಡಿದವರು ಆಗ ಒಂದು ನಿಮಿಷ ಸುಮ್ನೆ ಕೂತು ತಲೆಯೆತ್ತಿ ನೋಡಿ.

ಅದರ ಪಕ್ಕದಲ್ಲೇ ಮೂರನೇ ಅಲೆಕ್ಸಾಂಡರ್ ಸೇತುವೆ ಬರುತ್ತದೆ. ನಾಲ್ಕೂ ಕಡೆ ಚಿನ್ನದ ಬಣ್ಣದ ರೆಕ್ಕೆಯ ಕುದುರೆಗಳು, ಸಾಲಾಗಿ ದೀಪದ ಕಂಬಗಳು. ಎಲ್ಲರೂ ಫೋಟೋ ತೆಗೆಯುವುದು ಅವನ್ನೇ. ನೀವು ಅದರ ಹೊಟ್ಟೆಯನ್ನು ನೋಡಿ. 1900ರ ವಿಶ್ವ ಪ್ರದರ್ಶನಕ್ಕೆ ಕಟ್ಟಿದ ಈ ಸೇತುವೆಗೆ ನದಿಯ ನಡುವೆ ಒಂದೂ ಕಂಬವಿಲ್ಲ. ಈ ದಡದಿಂದ ಆ ದಡಕ್ಕೆ ಒಂದೇ ಉಕ್ಕಿನ ಕಮಾನು. ಅದನ್ನೂ ಬೇಕೆಂದೇ ತಗ್ಗಾಗಿ ಬಾಗಿಸಿದ್ದಾರೆ. ಹಿಂದಿನ ಕಟ್ಟಡಗಳಿಗೆ ಅಡ್ಡ ಬರಬಾರದು ಅಂತ. ಇಷ್ಟು ದೊಡ್ಡ ಸೇತುವೆಯನ್ನು ಕಣ್ಣಿಗೆ ಅಡ್ಡವಾಗದ ಹಾಗೆ ಕಟ್ಟಬೇಕು ಅಂತ ಯೋಚಿಸಿದರಲ್ಲ, ಅದಕ್ಕೆ ನನಗೆ ಈ ಸೇತುವೆಯ ಮೇಲೆ ತುಂಬಾ ಗೌರವ.

ನದಿಯನ್ನು ಬಿಡಿಸಿಕೊಳ್ಳುವ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. ನಡುವೆ ಒಮ್ಮೆ ಊರು ತಪ್ಪು ದಾರಿಯನ್ನೂ ಹಿಡಿಯಿತು. 1967ರಲ್ಲಿ ಬಲದಂಡೆಯ ನೀರಂಚಿಗೇ ಕಾರುಗಳಿಗೆ ವೇಗದ ರಸ್ತೆ ಮಾಡಿದರು. 2016ರಲ್ಲಿ ಅದರ ಮೂರು ಕಿಲೋಮೀಟರ್‌ಗೂ ಜಾಸ್ತಿ ಉದ್ದದ ಭಾಗಕ್ಕೆ ಕಾರು ಬರುವುದನ್ನು ನಿಲ್ಲಿಸಿದರು. ಈಗ ಅಲ್ಲಿ ಜನ ನಡೆಯುತ್ತಾರೆ, ಸೈಕಲ್ ಹೊಡೆಯುತ್ತಾರೆ, ಬುತ್ತಿ ಬಿಚ್ಚಿ ಕೂರುತ್ತಾರೆ. ದೋಣಿ ಹತ್ತಿರ ಬಂದರೆ ಮಕ್ಕಳು ಕೈ ಬೀಸುತ್ತಾರೆ. ನದಿಯಲ್ಲಿ ಈಜುವುದಕ್ಕೆ 1923ರಿಂದ ಇದ್ದ ನಿಷೇಧವೂ ಸಡಿಲವಾಗಿದೆ. 2025ರ ಜುಲೈನಲ್ಲಿ ಮೂರು ಕಡೆ ಸಾರ್ವಜನಿಕರಿಗೆ ಈಜಲು ಬಿಟ್ಟರು. ಅದರಲ್ಲಿ ಒಂದು ಜಾಗ ಸಿತೆಯ ಪಕ್ಕದ ಸೇಂಟ್ ಲೂಯಿ ದ್ವೀಪದ ಎದುರಿಗೇ ಇದೆ. ನಮ್ಮೂರ ಹೊಳೆಗಳ ಸ್ಥಿತಿ ನೆನೆದರೆ, ನೂರು ವರ್ಷ ಕೊಳೆಯಾಗಿದ್ದ ನದಿಯನ್ನು ಮತ್ತೆ ಈಜುವ ಹಾಗೆ ಮಾಡಿದ್ದು ಸಣ್ಣ ಮಾತಲ್ಲ, ಅಲ್ವಾ?

ಈ ದಾರಿಯನ್ನು ನೀವು ಟಿವಿಯಲ್ಲಿ ನೋಡಿಯೇ ಇರುತ್ತೀರಿ. 2024ರ ಜುಲೈ 26ರಂದು ಒಲಿಂಪಿಕ್ಸ್ ಶುರುವಾದಾಗ ಆಟಗಾರರೆಲ್ಲ ಸುರಿಯುವ ಮಳೆಯಲ್ಲಿ ದೋಣಿಗಳ ಮೇಲೆ ಬಂದರಲ್ಲ, ಅದು ಆಸ್ಟರ್ಲಿಟ್ಜ್ ಸೇತುವೆಯಿಂದ ಐಫೆಲ್ ಗೋಪುರದ ಎದುರಿನ ಸೇತುವೆಯ ತನಕ ಸುಮಾರು ಆರು ಕಿಲೋಮೀಟರ್. ಸಿಂಧು, ಶರತ್ ಕಮಲ್ ಬಾವುಟ ಹಿಡಿದು ಬಂದ ನೀರಿನ ಮೇಲೇ ನೀವೂ ಹೋಗುತ್ತೀರಿ.

ಈಗ ಹೊತ್ತಿನ ಮಾತು. ನಾನು ಮೊದಲ ಸಲ ಹೋದಾಗ ಮಧ್ಯಾಹ್ನ ಎರಡಕ್ಕೆ ಹತ್ತಿದ್ದೆ. ಬಿಸಿಲಿಗೆ ಹೆದರಿ ಕೆಳಗಿನ ಗಾಜಿನ ಕೋಣೆಯಲ್ಲಿ ಕೂತೆ. ಗಾಜಿನಲ್ಲಿ ನನ್ನ ಮುಖ, ಪಕ್ಕದವರ ಮುಖ ಕಂಡದ್ದೇ ಬಂತು. ಮುಂದೆ ಅಮ್ಮನ ಜೊತೆ ಹೋದಾಗ ಸಂಜೆ ಹತ್ತಿ, ಮೇಲಿನ ಅಟ್ಟದ ಹಿಂಬದಿಯಲ್ಲಿ ಕೂತೆವು. ಹೋಗುವಾಗ ಕಲ್ಲಿನ ಮೇಲೆಲ್ಲ ಹೊಂಬಿಸಿಲು. ದ್ವೀಪ ಸುತ್ತಿ ತಿರುಗುವ ಹೊತ್ತಿಗೆ ದೀಪಗಳು ಹತ್ತತೊಡಗಿದವು. ಅಮ್ಮ ಮಂಡಿನೋವನ್ನು ಮರೆತು ಎದ್ದು ನಿಂತರು. ಒಂದೇ ಟಿಕೆಟ್‌ನಲ್ಲಿ ಹಗಲೂ ಸಿಕ್ಕಿತು, ರಾತ್ರಿಯೂ ಸಿಕ್ಕಿತು.

ಸಂಜೆ ಅಂದರೆ ನಮ್ಮ ಆರೂವರೆ ಅಲ್ಲ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಸುಮಾರು ಹತ್ತಕ್ಕೆ. ಡಿಸೆಂಬರ್‌ನಲ್ಲಿ ಐದಕ್ಕೆಲ್ಲ ಕತ್ತಲು. ನೀವು ಹೋಗುವ ದಿನದ ಸೂರ್ಯಾಸ್ತವನ್ನು ಫೋನಿನಲ್ಲಿ ನೋಡಿಕೊಂಡು ಲೆಕ್ಕ ಹಾಕಿ. ಕತ್ತಲಾದ ಮೇಲೆ ಪ್ರತಿ ಗಂಟೆಯ ಶುರುವಿಗೆ ಐದು ನಿಮಿಷ ಐಫೆಲ್ ಗೋಪುರ ಮಿಣಮಿಣ ಮಿನುಗುತ್ತದೆ. ಗೋಪುರದ ಬುಡದಿಂದ ಹೊರಡುವ ದೋಣಿಯಾದರೆ ಒಂದು ಗಂಟೆಗೆ ಅಲ್ಲಿಗೇ ವಾಪಸ್ ಬರುತ್ತದೆ. ಇಳಿದವರು ದಡದಲ್ಲೇ ನಿಂತು ಅದನ್ನೂ ನೋಡಿಕೊಂಡು ಹೋಗಬಹುದು. ಬೇಸಿಗೆಯಾದರೂ ಸ್ವೆಟರ್ ಇರಲಿ. ನೀರಿನ ಮೇಲೆ ಬೀಸುವ ಗಾಳಿ ಹಿರಿಯರಿಗೆ ತಡೆಯುವುದಿಲ್ಲ.

ಎಡಕ್ಕೆ ಕೂರಬೇಕಾ, ಬಲಕ್ಕಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ದೋಣಿ ಹೋದ ನದಿಯಲ್ಲೇ ತಿರುಗಿ ಬರುತ್ತದೆ. ದ್ವೀಪಗಳನ್ನು ಮಾತ್ರ ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಯಿಂದ ಸುತ್ತುತ್ತದೆ. 2019ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿ, ದುರಸ್ತಿಯಾಗಿ 2024ರ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆದ ನೋತ್ರ್ ದಾಮ್ ಇಲ್ಲೇ ಸಿಗುತ್ತದೆ. ಮುಂದಿನ ಅಂಗಳದಲ್ಲಿ ನಿಂತರೆ ಕಾಣುವುದು ಎರಡು ಗೋಪುರಗಳು. ನೀರಿನಿಂದ ಅದರ ಬೆನ್ನು, ಬೆನ್ನಿಗೆ ಆತುಕೊಂಡ ಕಲ್ಲಿನ ಆಸರೆಗಳು ಕಾಣುತ್ತವೆ. ಅಲ್ಲಿಂದ ಸ್ವಲ್ಪ ಮುಂದೆ ತೂರ್ನೆಲ್ ಸೇತುವೆಯ ಕಂಬದ ತುದಿಯಲ್ಲಿ ಬೆಳ್ಳಗೆ ಒಬ್ಬ ಹೆಣ್ಣಿನ ಮೂರ್ತಿ ಇದೆ. ಊರು ಕಾಯುವ ಸಂತ ಜೆನೆವಿಯೆವ್. ನಮ್ಮ ಗ್ರಾಮದೇವತೆಯ ಹಾಗೆ ಅನ್ನಿ. ಅದನ್ನು ಮಾಡಿದ ಪಾಲ್ ಲಾಂಡೋವ್‌ಸ್ಕಿಯೇ ರಿಯೋ ನಗರದ ಬೆಟ್ಟದ ಮೇಲಿನ ಕ್ರಿಸ್ತನ ಮೂರ್ತಿಯ ಶಿಲ್ಪಿ. ಇವಳು ನೀರು ಬರುವ ಕಡೆ, ಪೂರ್ವಕ್ಕೆ ಮುಖ ಮಾಡಿದ್ದಾಳೆ. ಆ ಸೇತುವೆಯನ್ನು ದಾಟಿ ಹೋಗಿ ತಿರುಗಿ ನೋಡಿದರೆ ಮುಖ ಸಿಗುತ್ತದೆ.

ಟಿಕೆಟ್ ತಲೆಗೆ ಸುಮಾರು 15ರಿಂದ 20 ಯೂರೋ. ಮಕ್ಕಳಿಗೆ ಕಡಿಮೆ. ನೀವು ಇಲ್ಲಿಂದ ಪ್ಯಾಕೇಜ್ ಟೂರ್‌ನಲ್ಲಿ ಹೋಗುತ್ತಿದ್ದರೆ ದೋಣಿಯ ಟಿಕೆಟ್ ಅದರಲ್ಲೇ ಸೇರಿದೆಯಾ ಅಂತ ಮೊದಲು ಕೇಳಿ, ಬಹಳ ಸಲ ಸೇರಿರುತ್ತದೆ. ಸೇರಿದ್ದರೆ ಯಾವ ಹೊತ್ತಿಗೆ ಹತ್ತಿಸುತ್ತೀರಿ ಅಂತಲೂ ಕೇಳಿ. ಸಂಜೆಗೆ ಹಾಕಿ ಅಂತ ಗಟ್ಟಿಯಾಗಿ ಹೇಳುವುದರಲ್ಲಿ ತಪ್ಪಿಲ್ಲ.

ಹತ್ತುವ ಜಾಗ ಮುಖ್ಯವಾಗಿ ಮೂರು. ಐಫೆಲ್ ಗೋಪುರದ ಬುಡ, ಆಲ್ಮಾ ಸೇತುವೆಯ ಹತ್ತಿರ, ಮತ್ತೆ ಪೋಂ ನಫ್ ಸೇತುವೆಯ ನಡುವೆ ದ್ವೀಪದ ಮೂಲೆ. ಮೂರನೆಯದಕ್ಕೆ ಸೇತುವೆಯಿಂದ ಮೆಟ್ಟಿಲು ಇಳಿಯಬೇಕು. ಅಪ್ಪ ಅಮ್ಮ ಜೊತೆಗಿದ್ದಾರೆ ಅಂದಿರಿ, ಹಾಗಾಗಿ ಆಲ್ಮಾ ಒಳ್ಳೆಯದು. ವಾಹನ ನೀರಿನ ಅಂಚಿನ ತನಕ ಇಳಿಯುತ್ತದೆ. ಮೆಟ್ರೋದ 9ನೇ ಮಾರ್ಗದ ಆಲ್ಮಾ ಮಾರ್ಸೋ ನಿಲ್ದಾಣವೂ ಹತ್ತಿರ. ಅಲ್ಲಿನ ದೋಣಿಗಳಿಗೆ ಬಾತೋ ಮೂಶ್ ಅಂತ ಹೆಸರು. ಮೂಶ್ ಅಂದರೆ ಫ್ರೆಂಚ್‌ನಲ್ಲಿ ನೊಣ. ಆದರೆ ಹೆಸರು ನೊಣದಿಂದ ಬಂದದ್ದಲ್ಲ. ಈ ದೋಣಿಗಳನ್ನು ಮೊದಲು ಕಟ್ಟುತ್ತಿದ್ದ ಲಿಯೋನ್ ನಗರದ ಒಂದು ಕೇರಿಯ ಹೆಸರು ಅದು. ಹತ್ತಿ ಇಳಿದು ಮತ್ತೆ ಹತ್ತುವ ಬಾತೋಬಸ್ ಅನ್ನುವ ದೋಣಿಯೂ ಇದೆ. ಎರಡೇ ದಿನ ಇರುವವರಿಗೆ ಅದರಲ್ಲಿ ಕಾಯುವುದೇ ಜಾಸ್ತಿಯಾಗುತ್ತದೆ.

ಊಟದ ದೋಣಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ದುಬಾರಿ ಅನ್ನುವುದಿರಲಿ, ಕಣ್ಣು ತಟ್ಟೆಯ ಮೇಲೇ ಇರುತ್ತದೆ. ಸಸ್ಯಾಹಾರಿಗಳಾದರೆ ಮೊದಲೇ ತಿಳಿಸಿ ಒಪ್ಪಿಸಿಕೊಳ್ಳಬೇಕು. ಅಮ್ಮ ತಂದಿದ್ದ ಕೋಡುಬಳೆ ಪೊಟ್ಟಣವನ್ನು ನಾವು ಇಳಿದ ಮೇಲೆ ದಡದ ಕಲ್ಲುಬೆಂಚಿನ ಮೇಲೆ ಬಿಚ್ಚಿದೆವು. ಎದುರಿಗೆ ನದಿ, ಕಾಲ ಹತ್ತಿರ ನೀರಿನ ಸದ್ದು.

ಚಳಿಗಾಲದಲ್ಲಿ, ಅದರಲ್ಲೂ ಜನವರಿ ಫೆಬ್ರವರಿಯಲ್ಲಿ ಹೋಗುವುದಾದರೆ ಇನ್ನೊಂದು ವಿಷಯ. ನದಿಗೆ ನೆರೆ ಬಂದು ನೀರು ಮೇಲೇರಿದರೆ ಸೇತುವೆಯ ಕೆಳಗೆ ದೋಣಿ ಹಿಡಿಸುವಷ್ಟು ಎತ್ತರ ಉಳಿಯುವುದಿಲ್ಲ, ಸುತ್ತಾಟ ನಿಲ್ಲಿಸುತ್ತಾರೆ. ಆಲ್ಮಾ ಸೇತುವೆಯ ಕಂಬಕ್ಕೆ ಒಬ್ಬ ಸೈನಿಕನ ಕಲ್ಲಿನ ಮೂರ್ತಿ ಇದೆ, ಜುಆವ್ ಅನ್ನುತ್ತಾರೆ. 1910ರ ಮಹಾನೆರೆಯಲ್ಲಿ ನೀರು ಅವನ ಭುಜದ ತನಕ ಬಂದಿತ್ತು. ಹಳೆಯ ಸೇತುವೆಯನ್ನು ತೆಗೆದು 1970ರ ದಶಕದಲ್ಲಿ ಹೊಸದು ಕಟ್ಟಿದಾಗಲೂ ಅವನನ್ನು ಬಿಡಲಿಲ್ಲ. ಪ್ಯಾರಿಸ್ಸಿನವರು ಇವತ್ತಿಗೂ ನೆರೆ ಅಳೆಯುವುದು ಅವನನ್ನು ನೋಡಿಕೊಂಡೇ. ಅವನ ಪಾದ ನೀರಿನಲ್ಲಿದ್ದರೆ ಟಿಕೆಟ್ ತೆಗೆದುಕೊಳ್ಳುವ ಮುಂಚೆ ದೋಣಿ ಹೊರಡುತ್ತದಾ ಅಂತ ವಿಚಾರಿಸಿ.